ತೇಪೆ ಕೋಣೆಯ ಲೇಬಲ್

ಮಾರ್ಚ್ 3, ಸೋಮವಾರ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒತ್ತು ಎಲ್ಲಿ ಕೊಡಬೇಕು, ದೀರ್ಘ ಎಲ್ಲಿ ಎಳೆಯಬೇಕು ಎಂದು ಪ್ರತಿ ಸಾಲಿಗೂ ಅನುಮಾನ. ಪ್ರೈಮರಿ ಶಾಲೆ ಬಿಟ್ಟ ಮೇಲೆ ಪೆನ್ನು ಹಿಡಿದದ್ದು ಸಹಿ ಹಾಕುವುದಕ್ಕೆ ಮಾತ್ರ. ಇದನ್ನು ಯಾರೂ ಓದುವುದಿಲ್ಲ. ಆದರೂ ಕ್ಷಮೆ ಕೇಳಬೇಕು ಅನಿಸುತ್ತಿದೆ. ಈ ಪುಸ್ತಕದ ಹತ್ತಿರವೇ ಕೇಳುತ್ತೇನೆ, ಪಾಪ, ಒಳ್ಳೆಯ ಹಾಳೆ.

ದಿನಾ ಕಲಿತದ್ದನ್ನು ಬರೆದಿಡು ಎಂದವರು ಲೆಕ್ಕದಕ್ಕ. ನಮ್ಮ ಲಾಂಡ್ರಿಯ ಲೆಕ್ಕಪತ್ರವನ್ನೆಲ್ಲ ನೋಡಿಕೊಳ್ಳುವವರು ಅವರು. ಹೋದ ವಾರ ಒಗೆಯುವ ಕೋಣೆಯ ಸೋಪಿನ ನೀರಿನಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಇವತ್ತು ಇಸ್ತ್ರಿ ಕೋಣೆಗೆ ಬಂದು, ಪ್ಲಾಸ್ಟರ್ ಹಾಕಿದ ಕೈಯನ್ನು ಮಗುವಿನಂತೆ ಎದೆಗೆ ಅವಚಿಕೊಂಡು ನಿಂತರು.

"ನನಗೊಂದು ಕೈ ಬೇಕು. ತಲೆ ಬೇಡ, ತಲೆ ನನ್ನದೇ ಇದೆ. ಯಾರು ಬರ್ತೀರಿ?"

ನಾನು ಆಸ್ಪತ್ರೆಯ ಬೆಡ್‌ಶೀಟುಗಳನ್ನು ಮಡಚುತ್ತಿದ್ದೆ. ತಲೆ ತಗ್ಗಿಸಿದೆ. ತಲೆ ತಗ್ಗಿಸಿದವರೇ ಮೊದಲು ಕಣ್ಣಿಗೆ ಬೀಳುತ್ತಾರೆ ಎಂದು ಇವತ್ತು ಗೊತ್ತಾಯಿತು.

"ಪಿಸು, ನೀನು ಬಾ. ನಿನ್ನ ಮಡಿಕೆ ನೋಡಿದೀನಿ, ಅಂಚಿಗೆ ಅಂಚು ಕೂಡತ್ತೆ."

ಪಿಸು ಅಂದರೆ ನಾನು. ನಾನು ಮಾತಾಡುವುದೆಲ್ಲ ಪಿಸುಮಾತಂತೆ, ಅದಕ್ಕೆ ಇಲ್ಲಿ ಎಲ್ಲರೂ ಇಟ್ಟ ಹೆಸರು. "ಅಕ್ಕ, ನನಗೆ ಕಂಪ್ಯೂಟರ್ ಬರಲ್ಲ," ಅಂದೆ.

"ಏನದು, ಗಾಳಿ ಬೀಸಿತಾ?" ಎಂದು ಬಾಗಿಲಿನಿಂದ ಗುಡುಗಣ್ಣ ಕೂಗಿದರು. ಒಗೆಯುವ ಕೋಣೆಯ ಮೇಸ್ತ್ರಿ ಅವರು. ಯಂತ್ರಗಳ ಸದ್ದಿನಲ್ಲಿ ಕೂಗಿ ಕೂಗಿ, ಹೊರಗೆ ಬಂದರೂ ಆಚೆ ದಡದವರನ್ನು ಕರೆಯುವ ಹಾಗೇ ಮಾತಾಡುತ್ತಾರೆ. ಎಲ್ಲರೂ ನಕ್ಕರು. ನಾನು ಹೋದೆ. ಹೋಗದಿದ್ದರೆ ಇನ್ನೂ ನಗುತ್ತಿದ್ದರು.

ಮಾರ್ಚ್ 4, ಮಂಗಳವಾರ

ಮೌಸ್ ಎಂದರೆ ಇಲಿ ಎಂದು ಗೊತ್ತಿತ್ತು. ಇಲಿಯ ಹಾಗೇ ಓಡುತ್ತದೆ. ನಾನು ಎಡಕ್ಕೆ ಎಂದರೆ ಅದು ಬಲಕ್ಕೆ. ಲೆಕ್ಕದಕ್ಕ, "ಕತ್ತು ಹಿಸುಕಬೇಡ, ಅಂಗೈಯಲ್ಲಿ ಮಲಗಿಸಿಕೋ," ಅಂದರು. ಸ್ಕ್ರೀನಿನ ಮೇಲೆ ಬರೀ ಗೆರೆ ಎಳೆದ ಚೌಕಗಳು. ಅವುಗಳನ್ನು ಮನೆ ಎನ್ನುತ್ತಾರಂತೆ. ಒಂದು ಮನೆಯಲ್ಲಿ ಒಂದೇ ವಿಷಯ ಇರಬೇಕಂತೆ. ನಮ್ಮ ಮನೆಯಲ್ಲಿ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಜೋರಾಗಿ ಹೇಳಿದ್ದರೆ ಅಕ್ಕ ನಗುತ್ತಿದ್ದರೇನೋ.

ಮಾರ್ಚ್ 6, ಗುರುವಾರ



ಈ ಲೆಕ್ಕ ಯಾಕೆ ಮಾಡುತ್ತಿದ್ದೇವೆ ಎಂದು ತಿಳಿಯಿತು. ಇಪ್ಪತ್ತೊಂದನೇ ತಾರೀಕು ಯಜಮಾನಿ ಮತ್ತು ಅವರ ತಮ್ಮ ಇಬ್ಬರೂ ಕೂತು ನೋಡುತ್ತಾರೆ, ಯಾವ ಕೋಣೆಯ ಕೈಯಿಂದ ಎಷ್ಟು ಬಟ್ಟೆ ದಾಟುತ್ತದೆ ಎಂದು. ಅದಕ್ಕೊಂದು ಚಾರ್ಟ್ ಬೇಕು. ತಮ್ಮನವರು ಒಣಗಿಸುವ ಹೊಸ ಯಂತ್ರ ತರಿಸುತ್ತಿದ್ದಾರೆ. ಅದನ್ನು ಇಡಲು ಒಂದು ಕೋಣೆ ಖಾಲಿಯಾಗಬೇಕು.

ಯಾವ ಕೋಣೆ ಎಂದು ನಾನು ಕೇಳಲಿಲ್ಲ. ಅಕ್ಕನೇ ಹೇಳಿದರು. ತೇಪೆ ಕೋಣೆ.

ತೇಪೆ ಕೋಣೆಯೆಂದರೆ ದೊಡ್ಡಮ್ಮ. ಹರಿದ ಬೆಡ್‌ಶೀಟು, ಡಾಕ್ಟರುಗಳ ಕೋಟಿನ ಜೇಬು, ಗುಂಡಿ ಹೋದ ಅಂಗಿ, ಎಲ್ಲ ಅವಳ ಮೇಜಿಗೆ ಬರುತ್ತದೆ. ಮೊದಲು ಅಲ್ಲಿ ಇನ್ನೊಬ್ಬರಿದ್ದರು, ಅವರು ಕೆಲಸ ಬಿಟ್ಟ ಮೇಲೆ ಇವಳೊಬ್ಬಳೇ. ಅಮ್ಮನ ಅಕ್ಕ ಅವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು.

"ಕೆಲಸ ಹೋಗಲ್ಲ ಕಣೆ," ಅಂದರು ಅಕ್ಕ, "ಒಗೆಯೋ ಕೋಣೆಗೆ ಹಾಕ್ತಾರೆ."

ದೊಡ್ಡಮ್ಮನಿಗೆ ದಮ್ಮು. ಒಗೆಯುವ ಕೋಣೆಯ ಬಿಳುಪಿನ ಪುಡಿಯ ಹಬೆ ಐದು ನಿಮಿಷ ಕುಡಿದರೆ ರಾತ್ರಿಯಿಡೀ ಕೂತೇ ಇರುತ್ತಾಳೆ. ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಹೇಳದೆ ಎದ್ದು ಹೋಗಿ ಅಕ್ಕನಿಗೆ ನೀರು ತಂದುಕೊಟ್ಟೆ.

ಮಾರ್ಚ್ 7, ಶುಕ್ರವಾರ

ದೊಡ್ಡಮ್ಮನಿಗೆ ಆಗಲೇ ಗೊತ್ತಿದೆ!

ಇಬ್ಬರೂ ಬಸ್ಸಿಗೆ ಕಾಯುತ್ತಿದ್ದೆವು. ಹೇಗೆ ಹೇಳಲಿ ಎಂದು ನಾನು ಸೆರಗಿನ ತುದಿ ತಿರುಚುತ್ತಿದ್ದೆ. ಅವಳೇ, "ಬಟ್ಟೆ ಹರಿಯತ್ತೆ, ಬಿಡು. ನಾನು ಎಷ್ಟು ದಿನ ಅಂತ ಹೊಲೀಲಿ. ಗುಡುಗಣ್ಣನ ಕೋಣೇಲಿ ನನ್ನ ಕೆಮ್ಮು ಯಾರಿಗೂ ಕೇಳಿಸಲ್ಲ, ಅದೊಂದು ಲಾಭ," ಎಂದಳು.

"ತಮಾಷೆ ಮಾಡಬೇಡ ದೊಡ್ಡಮ್ಮ."

"ಮತ್ತೇನು ಮಾಡಲಿ? ನೀನು ಅಳ್ತೀಯಾ, ನಾನೂ ಅತ್ತರೆ ಟಿಕೆಟ್ ಯಾರು ತಗೊಳ್ಳೋದು?"

ಟಿಕೆಟ್ ಯಾವಾಗಲೂ ಅವಳೇ ತೆಗೆದುಕೊಳ್ಳುವುದು. ಕಂಡಕ್ಟರ್ ಹತ್ತಿರ ಮಾತಾಡಲು ನನಗೆ ಆಗುವುದಿಲ್ಲ.

ಮಾರ್ಚ್ 11, ಮಂಗಳವಾರ

ಚಾರ್ಟ್ ಮಾಡಿದೆವು. ಅಂದರೆ ಅಕ್ಕ ಹೇಳಿದರು, ನನ್ನ ಕೈ ಮಾಡಿತು. ದುಂಡಗಿನ ರೊಟ್ಟಿಯನ್ನು ನಾಲ್ಕು ಚೂರು ಮಾಡಿದ ಹಾಗಿದೆ. ಒಗೆಯುವ ಕೋಣೆಯದು ನೀಲಿ, ಒಣಗಿಸುವುದು ಕಿತ್ತಳೆ, ಇಸ್ತ್ರಿ ಬೂದಿ ಬಣ್ಣ. ಹಳದಿ ಬಣ್ಣದ್ದು ಕತ್ತರಿಸಿದ ಉಗುರಿನ ಹಾಗೆ ಒಂದು ಗೀರು. ಅದು ತೇಪೆ ಕೋಣೆ.

"ಈಗ ಲೇಬಲ್ ಹಾಕು," ಅಂದರು. ಲೇಬಲ್ ಎಂದರೆ ಪ್ರತಿ ಚೂರಿನ ಮೇಲೆ ಅದೆಷ್ಟು ಎಂದು ಬರೆದುಕೊಳ್ಳುವ ಚೀಟಿ. ಒತ್ತಿದ ಕೂಡಲೇ ನಾಲ್ಕೂ ಕಡೆ ಅಂಕಿ ಮೂಡಿತು. ಮೂವತ್ತಾರು, ಮೂವತ್ಮೂರು, ಇಪ್ಪತ್ತೆಂಟು. ಹಳದಿಯ ಅಂಕಿ ಪಕ್ಕದ ಎರಡು ಚೂರುಗಳ ನಡುವೆ ಸಿಕ್ಕಿ ಓದಲು ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಇಬ್ಬರು ದಪ್ಪನೆಯವರ ನಡುವೆ ಸಿಕ್ಕವರ ಹಾಗೆ.

"ಅದನ್ನ ಹಿಡಿದು ಹೊರಗೆ ಎಳಿ," ಅಂದರು ಅಕ್ಕ.

ಎಳೆದೆ. ಚೀಟಿ ವೃತ್ತದ ಹೊರಗೆ ಬಂತು. ಅದು ದೂರ ಹೋದಷ್ಟೂ ಅದರಿಂದ ಚೂರಿನವರೆಗೆ ಒಂದು ಸಣ್ಣ ಗೆರೆ ತಾನೇ ಮೂಡಿತು. ಎಲ್ಲಿಗೆ ಎಳೆದರೂ ಗೆರೆ ಬಿಡುವುದಿಲ್ಲ. ನಾನು ಸುಮ್ಮನೆ ಸುತ್ತಲೂ ಎಳೆದಾಡಿ ನೋಡಿದೆ. ಅಕ್ಕ, "ಆಟ ಸಾಕು," ಅಂದರು. ಆದರೆ ಬೈಯಲಿಲ್ಲ.

ಮೂರು. ನೂರರಲ್ಲಿ ಮೂರು.

ಮಾರ್ಚ್ 14, ಶುಕ್ರವಾರ

ಇವತ್ತು ನಕ್ಕು ನಕ್ಕು ಹೊಟ್ಟೆ ನೋವು.

ಲೇಬಲ್ಲಿನಲ್ಲಿ ಅಂಕಿ ಒಂದೇ ಅಲ್ಲ, ನಮಗೆ ಬೇಕಾದ ಮಾತನ್ನೂ ತರಬಹುದಂತೆ. ಒಂದು ಸಾಲಿನ ಮನೆಗಳಲ್ಲಿ ಮಾತು ಬರೆದು, 'ಲೇಬಲ್ ಇಲ್ಲಿಂದ ತಗೋ' ಎಂದು ಆ ಸಾಲನ್ನು ತೋರಿಸಿಬಿಟ್ಟರೆ ಆಯಿತು. ಮನೆಯಲ್ಲಿ ಬದಲಾಯಿಸಿದರೆ ಚಾರ್ಟಿನಲ್ಲೂ ಬದಲಾಗುತ್ತದೆ. ಅಭ್ಯಾಸಕ್ಕೆ ಏನಾದರೂ ಬರೆ ಎಂದು ಅಕ್ಕ ಹೇಳಿದರು. ನನಗೆ ಏನೂ ತೋಚಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ಬಂದು ನಮ್ಮ ಹಿಂದೆ ನಿಂತರು.

"ನಮ್ಮದಕ್ಕೆ ಹೀಗೆ ಹಾಕು," ಎಂದರು ಗುಡುಗಣ್ಣ. "ಒಗೆಯುವ ಕೋಣೆ. ಮೊದಲು ನಾವು, ಆಮೇಲೆ ನೀವೆಲ್ಲ."

"ಕೊಬ್ಬು ನೋಡು," ಎಂದರು ಇಸ್ತ್ರಿ ಮಾವ. ಇಸ್ತ್ರಿ ಕೋಣೆಯ ಹಿರಿಯರು, ನನಗೆ ಮಡಚಲು ಕಲಿಸಿದವರು. "ನಮ್ಮದು ಬರಿ ಮಗಾ. ಇಸ್ತ್ರಿ ಕೋಣೆ. ಸುಕ್ಕು ಹೋಗತ್ತೆ, ಮುಖದ್ದು ಬಿಟ್ಟು."

ಒಣಗಿಸುವವರು, "ಬೇಸಿಗೆ ಹನ್ನೆರಡು ತಿಂಗಳು," ಎಂದು ಬರೆಸಿದರು. ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೆ. ಚಾರ್ಟಿನಲ್ಲಿ ಅದು ಮೂಡಿದ ಕೂಡಲೇ ಎಲ್ಲರೂ ಚಪ್ಪಾಳೆ. ಚೀಟಿಗಳು ಉದ್ದವಾಗಿ ಒಂದರ ಮೇಲೊಂದು ಹತ್ತಿ ಕೂತವು. ಅಕ್ಷರ ಚಿಕ್ಕದು ಮಾಡಿ, ಸಾಲು ಮುರಿದು ಸರಿ ಮಾಡಿದೆ.

ಕೊನೆಗೆ ದೊಡ್ಡಮ್ಮನನ್ನು ಕೇಳಿದೆ.

"ನಮ್ಮಲ್ಲೇನಿದೆ ಬರೆಸೋಕೆ?" ಎಂದಳು. ಸ್ವಲ್ಪ ಯೋಚಿಸಿದಳು. "ಕಿಟಕಿ ಇದೆ."

"ಅಷ್ಟೇನಾ?"

"ಅಷ್ಟೇ ಹಾಕು. ಬೇರೆ ಯಾರಿಗಿದೆ?"

ಹಾಕಿದೆ. ಸಭೆಯ ದಿನಕ್ಕೆ ಪಕ್ಕದ ಸಾಲಿನಲ್ಲಿ ಬರೀ ಕೋಣೆಗಳ ಹೆಸರು ಬರೆದಿಟ್ಟಿದ್ದೇವೆ. ಲೇಬಲ್ಲಿಗೆ ಆ ಸಾಲನ್ನು ತೋರಿಸಬೇಕು ಎಂದು ಅಕ್ಕ ಎರಡೆರಡು ಸಲ ಹೇಳಿದರು.

ಊಟ ಎಲ್ಲರ ಜೊತೆ ಮಾಡಿದೆ. ಗೋಡೆಯ ಹತ್ತಿರದ ನನ್ನ ಜಾಗದಲ್ಲಿ ಯಾರೋ ಬುಟ್ಟಿ ಇಟ್ಟಿದ್ದರು.

ಮಾರ್ಚ್ 17, ಸೋಮವಾರ

ಅಭ್ಯಾಸವಾಗಲಿ ಎಂದು ದೊಡ್ಡಮ್ಮನನ್ನು ಇವತ್ತು ಒಗೆಯುವ ಕೋಣೆಗೆ ಕಳಿಸಿದರು. ಮಧ್ಯಾಹ್ನ ಗುಡುಗಣ್ಣನೇ ಅವಳನ್ನು ಕೈ ಹಿಡಿದು ಹೊರಗೆ ಕರೆತಂದು ಮೆಟ್ಟಿಲ ಮೇಲೆ ಕೂರಿಸಿದರು. ಅವರು ಕೂಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಬರೆಯಲು ಮನಸ್ಸಿಲ್ಲ.

ಮಾರ್ಚ್ 19, ಬುಧವಾರ

ಅಕ್ಕ ಇವತ್ತು ಪ್ಲಾಸ್ಟರ್ ತೋರಿಸಲು ಹೋಗಿದ್ದರು. ಚಾರ್ಟನ್ನು ಒಪ್ಪ ಮಾಡಿ ಇಡು, ನಾಳೆ ನಾನು ಬರುವುದಿಲ್ಲ, ನಾಡಿದ್ದು ಸಭೆಗೆ ನೇರ ಬರುತ್ತೇನೆ ಎಂದಿದ್ದರು. ನಾನೊಬ್ಬಳೇ ಇದ್ದೆ.

ಹಳದಿಯ ಲೇಬಲ್ಲಿನ ಮೇಲೆ ಒತ್ತಿದೆ. ಇನ್ನೊಮ್ಮೆ ಒತ್ತಿದೆ. ಅಂಕಿಯ ಪಕ್ಕದಲ್ಲಿ ಒಂದು ಕಡ್ಡಿ ಮಿನುಗತೊಡಗಿತು, ಬರೆಯಲು ಕರೆಯುವ ಹಾಗೆ. ಮೂರರ ಎಡಕ್ಕೆ ಒಂದು ಎಂಬ ಅಂಕಿ ಒತ್ತಿದೆ.

ಹದಿಮೂರು.

ಯಾರೂ ಬೇಡ ಅನ್ನಲಿಲ್ಲ. ಕಂಪ್ಯೂಟರ್ ಕೂಡ ಏನೂ ಅನ್ನಲಿಲ್ಲ. ಚೂರು ಮೊದಲಿನಷ್ಟೇ ಇತ್ತು, ಚೀಟಿ ಮಾತ್ರ ಬದಲಾಯಿತು. ಉಳಿಸಿ ಮುಚ್ಚಿದೆ. ಮುಚ್ಚಿ ಎದ್ದಾಗ ಇಸ್ತ್ರಿ ಮಾವ, "ಕೆಲಸ ಆಯ್ತಾ?" ಎಂದು ಕೇಳಿದರು ಅಷ್ಟೇ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ, "ನಾನೇನೂ ಮಾಡಿಲ್ಲ," ಅಂದೆ.

ಮಾರ್ಚ್ 20, ಗುರುವಾರ

ಸಂಜೆ ದೊಡ್ಡಮ್ಮ ನನ್ನನ್ನು ಕರೆಯಲು ಕಚೇರಿ ಕೋಣೆಗೆ ಬಂದಳು. "ಎಲ್ಲಿ, ನಿನ್ನ ರೊಟ್ಟಿ ತೋರಿಸು," ಎಂದಳು. ತೋರಿಸದೆ ಇರಲು ಆಗಲಿಲ್ಲ. ಅವಳಿಗೆ ಅಕ್ಷರ ಬರುವುದಿಲ್ಲ, ಆದರೆ ಅಂಕಿ ಬರುತ್ತದೆ. ಬೆಡ್‌ಶೀಟಿನ ಮೂಲೆಯಲ್ಲಿ ವಾರ್ಡಿನ ಅಂಕಿ ನೋಡಿ ನೋಡಿ ಕಲಿತದ್ದು.

ಅವಳು ಸ್ಕ್ರೀನಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು, ಹೊಲಿಗೆ ನೋಡುವ ಹಾಗೆ. ಬೂದಿ ಬಣ್ಣದ ಚೂರನ್ನು ಗೇಣಿನಲ್ಲಿ ಅಳೆದಳು. ಹಳದಿಯ ಮೇಲೆ ಕಿರುಬೆರಳಿಟ್ಟಳು. ಅದು ಬೆರಳಿನಡಿ ಪೂರ್ತಿ ಮುಚ್ಚಿಹೋಯಿತು.

"ಇಸ್ತ್ರಿಯವರದು ಇಷ್ಟಗಲ. ಅವರಿಗೆ ಇಪ್ಪತ್ತೆಂಟು. ನಮ್ಮದು ಬೆರಳಡಿ ಮುಚ್ಚಿಹೋಗತ್ತೆ. ನಮಗೆ ಹದಿಮೂರಾ?"

ಬೆರಳು ತೆಗೆದು ನನ್ನ ಕಡೆ ತಿರುಗಿದಳು.

"ಯಾರು ಹಚ್ಚಿದ್ದು ಇದನ್ನ?"

"ನಾನು."

"ಹರಿದ ಕಡೆ ತೇಪೆ ಹಚ್ಚಬೇಕು ಕಣೆ. ಹರಿಯದೆ ಇದ್ದ ಕಡೆ ಹಚ್ಚಿದರೆ ಅದು ಬಟ್ಟೆ ಕೆಡಿಸಿದ್ದು." ಸಿಟ್ಟು ಮಾಡುತ್ತಾಳೆ ಎಂದುಕೊಂಡಿದ್ದೆ. ನನ್ನ ತಲೆ ಸವರಿದಳು. "ನಾಳೆ ಯಾರಾದರೂ ನೋಡಿ ಕೇಳಿದರೆ, ಲೆಕ್ಕದವಳ ಮರ್ಯಾದೆ ಹೋಗತ್ತೆ. ಕೈ ಮುರಿದುಕೊಂಡಿರೋದು ಸಾಲದಾ ಅವಳಿಗೆ?"

ಅದು ನನಗೆ ಹೊಳೆದೇ ಇರಲಿಲ್ಲ. ಅಳು ಬಂತು. ಅಳುತ್ತಲೇ ಮೂರು ಮಾಡಲು ಹೋದೆ, ದೊಡ್ಡಮ್ಮ ಕೈ ಹಿಡಿದಳು. "ಅದೂ ಕೈಯಲ್ಲೇ ಹಚ್ಚಿದ್ದಾಗತ್ತೆ. ಲೆಕ್ಕದವಳನ್ನ ಕೇಳಿ ಮಾಡು."

ಅಕ್ಕನಿಗೆ ಫೋನ್ ಮಾಡಿದೆ. ನಾನೇ ಮಾಡಿದೆ, ನಾನೇ ಹೇಳಿದೆ.

"ಕೈ ಬೇಕು ಅಂದೆ ನಿಜ," ಎಂದರು ಅಕ್ಕ, "ಕೈಚಳಕ ಬೇಕು ಅಂದಿರಲಿಲ್ಲ." ಅವರು ನಕ್ಕಿದ್ದು ಕೇಳಿಸಿತು. "ಲೇಬಲ್ ಮೇಲೆ ಮೌಸಿನ ಬಲಗಡೆ ಒತ್ತು. ಬರಹ ಮೊದಲಿನಂತೆ ಮಾಡು ಅಂತ ಒಂದು ಸಾಲು ಬರತ್ತೆ. ಸಿಕ್ತಾ? ಒತ್ತು."

ಒತ್ತಿದೆ. ಹದಿಮೂರು ಹೋಗಿ ಮೂರು ಬಂತು. ಚೀಟಿ ಮತ್ತೆ ಇಬ್ಬರ ನಡುವೆ ಹೋಗಿ ಸಿಕ್ಕಿಕೊಂಡಿತು. ಅದನ್ನು ಮೆಲ್ಲಗೆ ಹೊರಗೆ ಎಳೆದಿಟ್ಟೆ. "ಹೊರಗೆ ಎಳೆಯೋದು ತಪ್ಪಲ್ಲ ತಾನೇ ಅಕ್ಕ?" ಎಂದು ಕೇಳಿದೆ.

"ಅದು ತಪ್ಪಲ್ಲ. ಕಾಣೋ ಹಾಗೆ ಇಡೋದು ನಮ್ಮ ಕೆಲಸ."

ಬಸ್ಸಿನಲ್ಲಿ ದೊಡ್ಡಮ್ಮ ಕೆಮ್ಮುತ್ತಿದ್ದಳು. ಟಿಕೆಟ್ ನಾನು ತೆಗೆದುಕೊಂಡೆ.

ಮಾರ್ಚ್ 21, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಯಜಮಾನಿ, ಅವರ ತಮ್ಮ, ಲೆಕ್ಕದಕ್ಕ, ಇಸ್ತ್ರಿ ಮಾವ, ಗುಡುಗಣ್ಣ ಎಲ್ಲ ಕೂತಿದ್ದರು. ದೊಡ್ಡಮ್ಮನನ್ನು ಯಾರೂ ಕರೆದಿರಲಿಲ್ಲ, ಅವಳು ತನ್ನ ಕೋಣೆಯಲ್ಲೇ ಇದ್ದಳು. ಬೆಳಕಿನ ಪೆಟ್ಟಿಗೆಯಿಂದ ಚಾರ್ಟನ್ನು ಗೋಡೆಗೆ ಬಿಟ್ಟೆ. ಗೋಡೆಯಷ್ಟು ದೊಡ್ಡ ರೊಟ್ಟಿ.

ತಮ್ಮನವರು ಕನ್ನಡಕ ಏರಿಸಿಕೊಂಡು ಓದಿದರು. "ಒಗೆಯುವ ಕೋಣೆ. ಮೊದಲು ನಾವು, ಆಮೇಲೆ ನೀವೆಲ್ಲ."

ನನ್ನ ಜೀವವೇ ಹೋಯಿತು. ನಿನ್ನೆ ಆ ಮೂರನ್ನು ಸರಿ ಮಾಡುವ ಗಡಿಬಿಡಿಯಲ್ಲಿ, ಹೆಸರಿನ ಸಾಲನ್ನು ತೋರಿಸುವುದು ಮರೆತೇಹೋಗಿತ್ತು. ತಮಾಷೆಯ ಸಾಲೇ ಹಾಗೇ ಉಳಿದಿತ್ತು. ಗುಡುಗಣ್ಣ ಛಾವಣಿ ನೋಡಿದರು. ಲೆಕ್ಕದಕ್ಕ ಪ್ಲಾಸ್ಟರ್ ಕೈಯಿಂದ ಬಾಯಿ ಮುಚ್ಚಿಕೊಂಡರು.

"ಸುಕ್ಕು ಹೋಗತ್ತೆ, ಮುಖದ್ದು ಬಿಟ್ಟು," ಎಂದು ಯಜಮಾನಿ ಮುಂದಿನದನ್ನು ಓದಿದರು. ಓದಿ ಇಸ್ತ್ರಿ ಮಾವನ ಮುಖ ನೋಡಿದರು. "ನಿಜ."

ಅಲ್ಲಿಂದ ನಗು ಶುರುವಾಯಿತು. ತಮ್ಮನವರೂ ನಕ್ಕರು. ನಗುತ್ತಲೇ ಕೊನೆಯದಕ್ಕೆ ಬಂದರು. ಅದು ಹೊರಗೆ ಎಳೆದಿಟ್ಟ ಚೀಟಿ, ದೂರದಲ್ಲಿ ಒಂಟಿಯಾಗಿತ್ತು, ಗೆರೆ ಹಿಡಿದುಕೊಂಡು.

"ತೇಪೆ ಕೋಣೆ. ಕಿಟಕಿ ಇದೆ. ಮೂರು." ಅವರು ತಿರುಗಿದರು. "ಕಿಟಕಿ ಇದೆ ಅಂದರೇನು? ಎಲ್ಲಾ ಕೋಣೆಗೂ ಇಲ್ವಾ?"

ಅಕ್ಕ ಉತ್ತರ ಹೇಳುತ್ತಾರೆ ಎಂದುಕೊಂಡೆ. ಅವರು ನನ್ನನ್ನು ನೋಡಿದರು.

"ಇಲ್ಲ," ಅಂದೆ. "ಒಗೆಯೋ ಕೋಣೇಲಿ ಇಲ್ಲ. ಒಣಗಿಸೋ ಕೋಣೇದಕ್ಕೆ ಹಲಗೆ ಹೊಡೆದಿದೆ. ಇಸ್ತ್ರಿ ಕೋಣೇಲಿ ದೊಡ್ಡದಿದೆ, ಅದರ ಮುಂದೆ ನಾವು ಖಾಲಿ ಬುಟ್ಟಿ ಪೇರಿಸಿದೀವಿ. ಸೂಜಿ ಕೆಲಸಕ್ಕೆ ಹಗಲಿನ ಬೆಳಕು ಬೇಕು, ಅದಕ್ಕೇ ದೊಡ್ಡಮ್ಮ ಹಾಗೆ ಬರೆಸಿದ್ದು."

"ದೊಡ್ಡಮ್ಮ ಯಾರು?"

"ಆ ಮೂರು," ಅಂದೆ.

ನಾನು ನಿಲ್ಲಿಸಬೇಕಿತ್ತು, ಆದರೆ ಬಾಯಿ ನಿಲ್ಲಲಿಲ್ಲ. "ಮೂರೇ, ಜಾಸ್ತಿ ಇಲ್ಲ. ಯಂತ್ರಕ್ಕೆ ಕೋಣೆ ಬೇಕು ಅಂದರೆ ತಗೊಳ್ಳಿ. ಅವಳಿಗೆ ಕೋಣೆ ಬೇಡ, ಒಂದು ಮೇಜು ಸಾಕು. ಆದರೆ ಒಗೆಯೋ ಕೋಣೆಗೆ ಹಾಕಬೇಡಿ. ಅವಳ ಎದೆ ತಡೆಯಲ್ಲ. ಅದು ಚಾರ್ಟಿನಲ್ಲಿ ಇಲ್ಲ, ನಾನು ಹೇಳ್ತಾ ಇದೀನಿ."

"ಸೋಮವಾರ ನಾನೂ ನೋಡಿದೆ," ಎಂದರು ಗುಡುಗಣ್ಣ, ಮೆಲ್ಲಗೆ. "ನನ್ನ ಕೋಣೆಗೆ ಬೇಡ ಅವರು."

ತಮ್ಮನವರು ಕನ್ನಡಕ ತೆಗೆದರು. "ನನಗೆ ಬೇಕಾಗಿರೋದು ಜಾಗ. ಯಾರಿಗೋ ತೊಂದರೆ ಆಗಲಿ ಅಂತ ಅಲ್ಲ," ಎಂದರು. ಯಜಮಾನಿ ಇಸ್ತ್ರಿ ಮಾವನನ್ನು ಕೇಳಿದರು, ಆ ಕಿಟಕಿಯ ಹತ್ತಿರ ಒಂದು ಮೇಜು ಹಿಡಿಯುತ್ತದಾ ಎಂದು.

"ಬುಟ್ಟಿ ತಾನೇ, ತೆಗೆದರಾಯ್ತು. ಹರಿದದ್ದು ಮೊದಲು ಕಣ್ಣಿಗೆ ಬೀಳೋದು ನಮಗೇ. ಈಗ ಅದನ್ನ ಹೊತ್ತುಕೊಂಡು ಅಂಗಳ ದಾಟಬೇಕು. ಇನ್ನು ಕೈ ಚಾಚಿದರೆ ಆಯ್ತು."

ಹಾಗೆಂದು ನಿಶ್ಚಯವಾಯಿತು. ತೇಪೆ ಕೋಣೆ ಯಂತ್ರಕ್ಕೆ ಹೋಯಿತು. ದೊಡ್ಡಮ್ಮ ಇಸ್ತ್ರಿ ಕೋಣೆಗೆ.

ಹೊರಗೆ ಬಂದಾಗ ಕ್ಷಮಿಸಿ ಎಂದು ಅಕ್ಕನಿಗೆ ಹೇಳಿದೆ, ಸಾಲು ತಪ್ಪು ತೋರಿಸಿದ್ದಕ್ಕೆ. "ಇನ್ನೊಂದು ಸಲ ಹೀಗೆ ಮಾಡಿದರೆ ನೋಡು," ಎಂದು ಎಡಗೈಯಲ್ಲಿ ನನ್ನ ಕಿವಿ ಹಿಂಡಿದರು. ನೋವಾಗಲಿಲ್ಲ. ಗುಡುಗಣ್ಣ, "ಲೇ ಪಿಸು, ನಿನ್ನ ದನಿ ಒಗೆಯೋ ಕೋಣೆವರೆಗೂ ಕೇಳಿಸಿತಂತಲ್ಲೇ!" ಎಂದರು. ಗೋಡೆ ತೆಳುವಾಗಿರಬೇಕು.

ದೊಡ್ಡಮ್ಮನಿಗೆ ಓಡಿಹೋಗಿ ಹೇಳಿದೆ. ಅವಳು ಕೈಯಲ್ಲಿದ್ದ ಹೊಲಿಗೆ ಮುಗಿಸಿ, ದಾರ ಕಚ್ಚಿ ತುಂಡು ಮಾಡಿ, ಕೋಣೆಯನ್ನು ಒಂದು ಸುತ್ತು ನೋಡಿದಳು. ಬಹಳ ವರ್ಷ ಕೂತ ಕೋಣೆ.

"ಇನ್ನು ಇಡೀ ದಿನ ಇಸ್ತ್ರಿಯವನ ಮುಖ ನೋಡಬೇಕಾ?" ಎಂದಳು. ಕಣ್ಣು ಒರೆಸಿಕೊಂಡಳು. "ನಿನ್ನ ಮುಖವೂ ಇರತ್ತೆ, ಹೋಗಲಿ."

ಮಾರ್ಚ್ 24, ಸೋಮವಾರ

ಚಹಾದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಇಸ್ತ್ರಿ ಮಾವ, "ಏನೇ ಅದು, ಯಜಮಾನಿ ಆಗ್ತೀಯಾ?" ಎಂದು ರೇಗಿಸುತ್ತಿದ್ದಾರೆ. ಅವರು ಬುಟ್ಟಿಗಳನ್ನು ಶನಿವಾರವೇ ತೆಗೆದಿದ್ದರು. ಗಾಜಿನ ಮೇಲೆ ಎಷ್ಟೋ ವರ್ಷಗಳ ಧೂಳಿತ್ತು, ಒಣಗಿಸುವವರು ಬಂದು ಒರೆಸಿಕೊಟ್ಟರು. ಬೆಳಿಗ್ಗೆ ನಾನು ಮತ್ತು ಗುಡುಗಣ್ಣ ದೊಡ್ಡಮ್ಮನ ಮೇಜನ್ನು ಹೊತ್ತು ಅಂಗಳ ದಾಟಿಸಿದೆವು. ಅವಳು ಹಿಂದಿನಿಂದ, "ಮೆಲ್ಲಗೆ, ಅದಕ್ಕೂ ನನ್ನಷ್ಟೇ ವಯಸ್ಸು," ಎನ್ನುತ್ತ ಸೂಜಿಪೆಟ್ಟಿಗೆ ಹಿಡಿದು ಬಂದಳು.

ಈ ಕೋಣೆಯ ನೆಲ ಮೋರಿಯ ಕಡೆಗೆ ಸ್ವಲ್ಪ ಇಳಿಜಾರು. ಮೇಜು ಇಟ್ಟರೆ ಒಂದು ಕಾಲು ನೆಲಕ್ಕೆ ತಾಗಲಿಲ್ಲ, ಮೊಣಕೈ ಊರಿದರೆ ಕುಂಟುತ್ತಿತ್ತು. ಸೋಪಿನ ಪೆಟ್ಟಿಗೆಯ ರಟ್ಟು ಹರಿದು, ಮಡಚಿ, ಆ ಕಾಲಿನ ಕೆಳಗೆ ತುರುಕಿದೆ.